ವಿದೇಶದ ಸರ್ಕಾರಿ ಆಕ್ಸಿಲರೇಟರ್‌ಗೆ ಭೇಟಿ ಕೊಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

2010ರಲ್ಲಿ ಚಿಲಿ ಸರ್ಕಾರ ಜಗತ್ತಿನ ಉದ್ಯಮಿಗಳಿಗೆಲ್ಲ ಒಂದು ಕರೆ ಕೊಟ್ಟಿತು. ನೀವು ಯಾವ ದೇಶದವರೇ ಆಗಿರಿ, ಸ್ಯಾಂಟಿಯಾಗೊಗೆ ಬನ್ನಿ, ಆರು ತಿಂಗಳು ಇಲ್ಲಿದ್ದು ನಿಮ್ಮ ಸ್ಟಾರ್ಟಪ್ ಕಟ್ಟಿ. 40,000 ಡಾಲರ್ ಕೊಡುತ್ತೇವೆ, ಒಂದು ವರ್ಷದ ವೀಸಾ ಕೊಡುತ್ತೇವೆ, ಕಂಪನಿಯ ಒಂದು ಷೇರೂ ನಮಗೆ ಬೇಡ. ‘ಸ್ಟಾರ್ಟ್‌ಅಪ್ ಚಿಲಿ’ ಎಂಬ ಈ ಯೋಜನೆಯನ್ನು ನಡೆಸಿದ್ದು ಅಲ್ಲಿನ ಸರ್ಕಾರಿ ಅಭಿವೃದ್ಧಿ ಸಂಸ್ಥೆ ಕಾರ್ಫೊ. ಆಮೇಲೆ ಎಷ್ಟೋ ದೇಶಗಳು ಇದೇ ದಾರಿ ಹಿಡಿದವು. ಹೊಸ ಕಂಪನಿಗಳಿಗೆ ಕೆಲವು ತಿಂಗಳು ನೆರವು ಕೊಟ್ಟು ಬೇಗ ಬೆಳೆಸಲು ನೋಡುವ ಇಂಥ ಕೇಂದ್ರಕ್ಕೆ ಆಕ್ಸಿಲರೇಟರ್ ಎನ್ನುತ್ತಾರೆ.

ಷೇರು ಬೇಡ ಅಂದಮೇಲೆ ಅವರಿಗೆ ಬೇಕಾದದ್ದಾದರೂ ಏನು? ಇಂಥ ಕೇಂದ್ರಕ್ಕೆ ಭೇಟಿ ಕೊಡಲು ಹೊರಟವರು ಬ್ಯಾಗಿನಲ್ಲಿ ಮೊದಲು ಇಟ್ಟುಕೊಳ್ಳಬೇಕಾದದ್ದು ಈ ಪ್ರಶ್ನೆ. ಖಾಸಗಿ ಆಕ್ಸಿಲರೇಟರ್‌ನ ಲೆಕ್ಕ ಸರಳ: ನಿಮ್ಮ ಕಂಪನಿ ಬೆಳೆದರೆ ಅವರ ಪಾಲು ಬೆಳೆಯುತ್ತದೆ. ಸರ್ಕಾರಿ ಕೇಂದ್ರ ಹಾಗಲ್ಲ, ಅದು ತೆರಿಗೆ ಹಣಕ್ಕೆ ಉತ್ತರ ಹೇಳಬೇಕು. ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಕಂಪನಿಗಳು ಇಲ್ಲೇ ಉಳಿದವು, ಹೊರಗಿಂದ ಎಷ್ಟು ಬಂಡವಾಳ ಬಂತು ಎಂದು ಅವರನ್ನು ಯಾರೋ ಕೇಳುತ್ತಿರುತ್ತಾರೆ. ಆ ‘ಯಾರೋ’ ಯಾರು ಎಂದು ಗೊತ್ತಾದರೆ ಅಲ್ಲಿ ನೀವು ನೋಡುವ, ಕೇಳುವ ಪ್ರತಿಯೊಂದಕ್ಕೂ ಅರ್ಥ ಹುಟ್ಟುತ್ತದೆ. ಗೊತ್ತಿಲ್ಲದೆ ಹೋದರೆ ಬಣ್ಣದ ಕುರ್ಚಿಗಳನ್ನು ನೋಡಿ, ಇಪ್ಪತ್ತು ಸ್ಲೈಡ್ ಕೇಳಿ, ಗ್ರೂಪ್ ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತೀರಿ. ದುಬಾರಿ ವಿಮಾನ ಟಿಕೆಟ್ ಹಾಕಿ ಹೋದವರು ಹಾಗೆ ಬರಿಗೈಯಲ್ಲಿ ಬಂದದ್ದನ್ನು ನೋಡಿದ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಹಣ ಯಾರದ್ದು, ಯಾಕೆ ಹಾಕಿದರು?

ಒಂದೊಂದು ಕೇಂದ್ರದ ಹಿಂದೆಯೂ ಒಂದೊಂದು ಕಾರಣ ಇದೆ. ಇಸ್ರೇಲ್ 1991ರಲ್ಲಿ ಎಳೆಯ ಕಂಪನಿಗಳನ್ನು ಪೋಷಿಸುವ ತಂತ್ರಜ್ಞಾನ ಇನ್ಕ್ಯುಬೇಟರ್‌ಗಳನ್ನು ತೆರೆದಾಗ ಸೋವಿಯತ್ ಒಕ್ಕೂಟದಿಂದ ಸಾವಿರಾರು ವಿಜ್ಞಾನಿಗಳು, ಎಂಜಿನಿಯರ್‌ಗಳು ವಲಸೆ ಬರುತ್ತಿದ್ದರು. ಅವರ ವಿದ್ಯೆಗೆ ತಕ್ಕ ಕೆಲಸ ಹುಟ್ಟಿಸಬೇಕಿತ್ತು. ಲಿಸ್ಬನ್‌ನಲ್ಲಿ 2012ರಲ್ಲಿ ಬಾಗಿಲು ತೆರೆದ ‘ಸ್ಟಾರ್ಟಪ್ ಲಿಸ್ಬೊವಾ’ದ ಮೂಲ ನಗರಪಾಲಿಕೆಯ ಬಜೆಟ್. ನಗರದ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂದು ನಾಗರಿಕರೇ ಮತ ಹಾಕಿ ಆರಿಸಿದ ಯೋಜನೆ ಅದು. ಸಿಂಗಪುರದ ‘ಬ್ಲಾಕ್ 71’ 2011ರಲ್ಲಿ ಶುರುವಾದದ್ದು ಆಯರ್ ರಾಜಾ ಬಡಾವಣೆಯ ಹಳೆಯ ಕೈಗಾರಿಕಾ ಕಟ್ಟಡದಲ್ಲಿ. ಕೆಡವಬೇಕೆಂದಿದ್ದ ಕಟ್ಟಡವನ್ನು ಉಳಿಸಿಕೊಂಡು ವಿಶ್ವವಿದ್ಯಾಲಯ, ಸರ್ಕಾರಿ ಪ್ರಾಧಿಕಾರ, ಟೆಲಿಕಾಂ ಕಂಪನಿಯ ಹೂಡಿಕೆ ವಿಭಾಗ ಸೇರಿ ಅಲ್ಲಿ ಸ್ಟಾರ್ಟಪ್‌ಗಳನ್ನು ಕೂರಿಸಿದವು. ಅಬುಧಾಬಿಯ ‘ಹಬ್71’ 2019ರದ್ದು. ತೈಲದ ಆಚೆಗೂ ಆದಾಯ ಹುಡುಕುತ್ತಿರುವ ಎಮಿರೇಟ್ ಅದು, ಹಾಗಾಗಿ ವಸತಿ, ಕಚೇರಿ, ಆರೋಗ್ಯ ವಿಮೆಯವರೆಗೆ ನೆರವು ಕೊಟ್ಟು ಕಂಪನಿಗಳನ್ನು ಕರೆಸಿಕೊಂಡಿತು. ಕೊರಿಯಾ 2016ರಲ್ಲಿ ಶುರು ಮಾಡಿದ ‘ಕೆ-ಸ್ಟಾರ್ಟಪ್ ಗ್ರ್ಯಾಂಡ್ ಚಾಲೆಂಜ್’ ವಿದೇಶಿ ತಂಡಗಳನ್ನು ಸೋಲ್‌ನ ದಕ್ಷಿಣಕ್ಕಿರುವ ಪಂಗ್ಯೊಗೆ ಕರೆತಂದು ಕೊರಿಯಾದ ದೊಡ್ಡ ಕಂಪನಿಗಳ ಜೊತೆ ಕೂರಿಸುವ ಯೋಜನೆ.

ನೀವು ಹೋಗಬೇಕೆಂದಿರುವ ಕೇಂದ್ರದ ಬಗ್ಗೆ ಇಂಥ ಒಂದು ಪ್ಯಾರಾವನ್ನು ಸ್ವಂತ ಮಾತಿನಲ್ಲಿ ಬರೆಯಲು ಆಗುತ್ತದೆಯೇ ನೋಡಿ. ಆಗದಿದ್ದರೆ ಇನ್ನೂ ಓದುವುದಿದೆ. ವೆಬ್‌ಸೈಟ್‌ನ ಮುಖಪುಟದಲ್ಲಿ ಇದು ಸಿಗುವುದಿಲ್ಲ. ಅರ್ಜಿ ಆಹ್ವಾನದ ನಿಯಮಾವಳಿ, ಇಲಾಖೆಯ ಬಜೆಟ್ ಟಿಪ್ಪಣಿ, ಲೆಕ್ಕಪರಿಶೋಧಕರ ವರದಿ ಇವುಗಳಲ್ಲಿ ಸಿಗುತ್ತದೆ. ಸಾರ್ವಜನಿಕ ಹಣವಾದ್ದರಿಂದ ಇವುಗಳಲ್ಲಿ ಬಹಳಷ್ಟು ಬಹಿರಂಗವಾಗಿಯೇ ಇರುತ್ತವೆ.

ಒಂದು ಎಚ್ಚರಿಕೆ. ಇಂಗ್ಲಿಷ್ ಪುಟದಲ್ಲಿರುವುದು ಸಾಮಾನ್ಯವಾಗಿ ಸಾರಾಂಶ ಅಷ್ಟೆ. ಕಾನೂನಿನ ಲೆಕ್ಕಕ್ಕೆ ಬರುವುದು ಸ್ಥಳೀಯ ಭಾಷೆಯ ಪಠ್ಯ. ಅದನ್ನು ಯಂತ್ರಾನುವಾದದಲ್ಲಿ ಓದಿ, ಹಣ ಪಾವತಿ, ಬೌದ್ಧಿಕ ಆಸ್ತಿ, ಅರ್ಧಕ್ಕೇ ಬಿಟ್ಟುಹೋದರೆ ಏನಾಗುತ್ತದೆ ಎಂಬ ಮೂರು ಭಾಗಗಳನ್ನು ಮಾತ್ರ ಭಾಷೆ ಬಲ್ಲವರಿಗೆ ದುಡ್ಡು ಕೊಟ್ಟಾದರೂ ಓದಿಸಿ. ಇಡೀ ಪ್ರಯಾಣದಲ್ಲಿ ಇದರಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಹೆಜ್ಜೆ 2: ಯಾವಾಗ ಹೋಗಬೇಕು

ಡೆಮೊ ಡೇ, ಅಂದರೆ ತಂಡಗಳು ತಮ್ಮ ಕೆಲಸವನ್ನು ಹೂಡಿಕೆದಾರರ ಮುಂದೆ ತೋರಿಸುವ ದಿನ, ನೋಡಲು ಹೋಗಬೇಕೆಂದು ಎಲ್ಲರಿಗೂ ಆಸೆ. ಅವತ್ತು ಯಾರಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತಿರುವುದಿಲ್ಲ. ಸಂಸ್ಥಾಪಕರು ಹೂಡಿಕೆದಾರರ ಹಿಂದೆ, ಸಿಬ್ಬಂದಿ ಮಂತ್ರಿಗಳ ಹಿಂದೆ. ತಂಡಗಳು ಬಂದಿಳಿದ ಮೊದಲ ಎರಡು ವಾರವೂ ಬೇಡ, ಆಗ ಬ್ಯಾಂಕ್ ಖಾತೆ, ಬಾಡಿಗೆ ಮನೆ ಇದೇ ಗಡಿಬಿಡಿ. ಬ್ಯಾಚ್‌ನ ನಡುಭಾಗ ಒಳ್ಳೆಯದು. ಆ ಹೊತ್ತಿಗೆ ಉತ್ಸಾಹ ಸ್ವಲ್ಪ ತಣ್ಣಗಾಗಿರುತ್ತದೆ, ಜನ ನಿಜ ಹೇಳುತ್ತಾರೆ.

ರಜೆಗಳನ್ನೂ ನೋಡಿಕೊಳ್ಳಿ. ಫೆಬ್ರುವರಿಯಲ್ಲಿ ಚಿಲಿಯಲ್ಲಿ ಬೇಸಿಗೆ ರಜೆ, ಯುರೋಪಿನ ಹಲವು ದೇಶಗಳಲ್ಲಿ ಆಗಸ್ಟ್‌ನಲ್ಲಿ ಕಚೇರಿಗಳು ಖಾಲಿ, ಕೊರಿಯಾದಲ್ಲಿ ಸಲ್ಲಾಲ್ ಮತ್ತು ಚುಸಾಕ್ ಹಬ್ಬಗಳ ವಾರ ಏನೂ ನಡೆಯುವುದಿಲ್ಲ. ಇಸ್ರೇಲಿನಲ್ಲಿ ವಾರ ಶುರುವಾಗುವುದು ಭಾನುವಾರ. ಅಬುಧಾಬಿಯ ಸರ್ಕಾರಿ ಕಚೇರಿಗಳಿಗೆ 2022ರಿಂದ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ.

ಹೆಜ್ಜೆ 3: ಪತ್ರ

ನಿರ್ದೇಶಕರಿಗೆ ನೇರವಾಗಿ ಬರೆದರೆ ಪತ್ರ ಕೆಳಗಿಳಿದು ಸರಿಯಾದವರ ಕೈ ಸೇರುವಷ್ಟರಲ್ಲಿ ತಿಂಗಳಾಗುತ್ತದೆ. ಕಾರ್ಯಕ್ರಮ ನೋಡಿಕೊಳ್ಳುವ ಮ್ಯಾನೇಜರ್‌ಗೆ ಬರೆಯಿರಿ. ಅಂತಾರಾಷ್ಟ್ರೀಯ ಸಂಬಂಧಗಳ ವಿಭಾಗ ಪ್ರತ್ಯೇಕವಾಗಿದ್ದರೆ ಅವರಿಗೂ ಪ್ರತಿ ಹಾಕಿ. ಆ ದೇಶದಲ್ಲಿರುವ ನಿಮ್ಮ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗಕ್ಕೆ ಒಂದು ಸಾಲು ತಿಳಿಸಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. ಸರ್ಕಾರಿ ಜಾಗದಲ್ಲಿ ಸರ್ಕಾರಿ ಪರಿಚಯಕ್ಕೆ ತೂಕ ಹೆಚ್ಚು.

ಪತ್ರ ಒಂದು ಪುಟ ದಾಟಬಾರದು. ನಾನು ಬಳಸುವ ಮಾದರಿ ಸುಮಾರು ಹೀಗಿದೆ:

“ನಾವು ಮೂವರು ಆಸ್ಪತ್ರೆಗಳ ಪ್ರಯೋಗಾಲಯಕ್ಕೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ನಿಮ್ಮ ಮುಂದಿನ ಬ್ಯಾಚ್‌ಗೆ ಅರ್ಜಿ ಹಾಕಬೇಕೇ ಬೇಡವೇ ಎಂದು ನಿರ್ಧರಿಸಲು ಒಮ್ಮೆ ಬಂದು ನೋಡುವ ಆಸೆಯಿದೆ. 14ರಿಂದ 18ನೇ ತಾರೀಖಿನ ನಡುವೆ 60 ನಿಮಿಷ ಸಿಕ್ಕರೆ ಸಾಕು. ನಮ್ಮ ಪ್ರಶ್ನೆ ಮೂರು: ಅನುದಾನ ಯಾವ ಕಂತುಗಳಲ್ಲಿ ಬರುತ್ತದೆ, ಆರೋಗ್ಯ ಕ್ಷೇತ್ರದ ತಂಡಗಳಿಗೆ ಮೊದಲ ಗ್ರಾಹಕರು ಹೇಗೆ ಸಿಕ್ಕರು, ಕಾರ್ಯಕ್ರಮ ಮುಗಿದ ಮೇಲೆ ಉಳಿದವರು ಯಾಕೆ ಉಳಿದರು. ಹಿಂದಿನ ಬ್ಯಾಚ್‌ನ ಒಬ್ಬ ಸಂಸ್ಥಾಪಕರ ಜೊತೆ ಮಾತಾಡುವ ಅವಕಾಶವಾದರೆ ಉಪಕಾರ.”

‘ನಿಮ್ಮ ಅದ್ಭುತ ವ್ಯವಸ್ಥೆಯಿಂದ ಕಲಿಯಲು ಬರುತ್ತಿದ್ದೇವೆ’ ಎಂದು ಬರೆದವರಿಗೆ ಸಾಮಾನ್ಯ ಟೂರ್ ಸಿಗುತ್ತದೆ. ಪ್ರಶ್ನೆ ಬರೆದವರಿಗೆ ಉತ್ತರ ಗೊತ್ತಿರುವ ಮನುಷ್ಯ ಸಿಗುತ್ತಾನೆ. ಎರಡು ವಾರದಲ್ಲಿ ಜವಾಬು ಬರದಿದ್ದರೆ ಒಂದೇ ಒಂದು ಸಲ ನೆನಪಿಸಿ. ಒಪ್ಪಿಗೆ ಬಂದ ಕೂಡಲೇ ಎಲ್ಲರ ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಕಳಿಸಿಬಿಡಿ. ಸರ್ಕಾರಿ ಕಟ್ಟಡವಾದರೆ ಗೇಟಿನಲ್ಲಿ ಪಟ್ಟಿ ನೋಡಿಯೇ ಒಳಗೆ ಬಿಡುತ್ತಾರೆ.

ಹೆಜ್ಜೆ 4: ವೀಸಾ, ಮತ್ತು ಬ್ಯಾಗಿನಲ್ಲಿರುವ ಯಂತ್ರ

ಇದು ಬಿಸಿನೆಸ್ ಭೇಟಿ. ಅರ್ಜಿಯಲ್ಲೂ ಹಾಗೆಯೇ ಹೇಳಿ, ಪ್ರವಾಸ ಅನ್ನಬೇಡಿ. ಆಹ್ವಾನ ಪತ್ರದಲ್ಲಿ ಭೇಟಿಯ ದಿನಾಂಕ, ಉದ್ದೇಶ, ಖರ್ಚು ಯಾರದ್ದು ಎಂಬ ಮೂರೂ ಇರಬೇಕು. ಬರೆದುಕೊಡುವವರಿಗೆ ಅನುಕೂಲವಾಗಲಿ ಎಂದು ಕರಡನ್ನು ನೀವೇ ಕಳಿಸಿದರೂ ತಪ್ಪಿಲ್ಲ. ಶೆಂಗೆನ್ ದೇಶಗಳಿಗಾದರೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತೀರಾ ತಡವೆಂದರೆ 15 ದಿನ ಮುಂಚೆ; ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಬೇಕು; ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಮೀಟಿಂಗ್ ಮಾಡುವುದು, ನೋಡುವುದು, ಮಾತಾಡುವುದು ಭೇಟಿ ವೀಸಾದಲ್ಲಿ ನಡೆಯುತ್ತದೆ. ‘ಬಂದಿದ್ದೀರಲ್ಲ, ಎರಡು ವಾರ ನಮ್ಮ ತಂಡದ ಜೊತೆ ಕೆಲಸ ಮಾಡಿ’ ಎಂದು ಯಾರಾದರೂ ಪ್ರೀತಿಯಿಂದ ಕರೆದರೆ ನಯವಾಗಿ ಬೇಡ ಅನ್ನಿ. ಮುಂದೆ ದೊಡ್ಡ ವೀಸಾ ಕೇಳುವಾಗ ಅದು ಕಾಲಿಗೆ ಸುತ್ತಿಕೊಳ್ಳಬಾರದು.

ಹಾರ್ಡ್‌ವೇರ್ ಮಾಡುವವರು ಮಾದರಿ ಯಂತ್ರ ಒಯ್ಯುತ್ತಿದ್ದರೆ ‘ಎಟಿಎ ಕಾರ್ನೆ’ ಎಂಬ ಕಸ್ಟಮ್ಸ್ ದಾಖಲೆ ಮಾಡಿಸಿಕೊಳ್ಳಿ. 1961ರ ಅಂತಾರಾಷ್ಟ್ರೀಯ ಒಪ್ಪಂದದಿಂದ ಬಂದ ವ್ಯವಸ್ಥೆ ಇದು. ಪ್ರದರ್ಶನಕ್ಕೆಂದು ತಂದ ವಸ್ತುವನ್ನು ಒಂದು ವರ್ಷದೊಳಗೆ ವಾಪಸ್ ಒಯ್ಯುವುದಾದರೆ ಸುಂಕ ಕಟ್ಟಬೇಕಿಲ್ಲ. ಹೊರಡುವಾಗ, ಇಳಿದಾಗ, ಮರಳುವಾಗ ಪ್ರತಿ ಸಲ ಮುದ್ರೆ ಹಾಕಿಸುವುದನ್ನು ಮಾತ್ರ ಮರೆಯಬೇಡಿ, ಒಂದು ಮುದ್ರೆ ತಪ್ಪಿದರೂ ಸುಂಕ ಕೇಳುತ್ತಾರೆ. ಲೀಥಿಯಂ ಬ್ಯಾಟರಿ 100 ವ್ಯಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಅನುಮತಿ ಬೇಕು, 160 ದಾಟಿದರೆ ಪ್ರಯಾಣಿಕರ ವಿಮಾನದಲ್ಲಿ ಜೊತೆಗೆ ಒಯ್ಯುವಂತಿಲ್ಲ. ಬಿಡಿ ಬ್ಯಾಟರಿ ಯಾವತ್ತೂ ಕೈಚೀಲದಲ್ಲೇ.

ಹೆಜ್ಜೆ 5: ತೋರಿಸುವ ಮುಂಚೆ ಪೇಟೆಂಟ್ ಅರ್ಜಿ

ಹೊಸ ಆವಿಷ್ಕಾರ ಇದೆಯೇ? ಹಾಗಾದರೆ ವಿಮಾನ ಹತ್ತುವ ಮುಂಚೆ ಪೇಟೆಂಟ್ ಅರ್ಜಿ ಹಾಕಿ. ಯುರೋಪಿನ ಪೇಟೆಂಟ್ ಕಾನೂನಿನಲ್ಲಿ ಅರ್ಜಿಗೆ ಮೊದಲೇ ಸಾರ್ವಜನಿಕವಾಗಿ ತೋರಿಸಿದ್ದು ‘ಹೊಸದು’ ಅನ್ನಿಸಿಕೊಳ್ಳುವುದಿಲ್ಲ, ತೋರಿಸಿದವರು ನೀವೇ ಆದರೂ. ಅಮೆರಿಕ, ಜಪಾನ್, ಕೊರಿಯಾಗಳಲ್ಲಿ ತೋರಿಸಿದ ಮೇಲೂ ಅರ್ಜಿ ಹಾಕಲು 12 ತಿಂಗಳ ವಿನಾಯಿತಿ ಅವಧಿ ಇದೆ, ಆದರೆ ಅದನ್ನು ನಂಬಿಕೊಂಡು ಯುರೋಪನ್ನು ಕಳೆದುಕೊಳ್ಳಬೇಡಿ. ಒಂದು ದೇಶದಲ್ಲಿ ಅರ್ಜಿ ಹಾಕಿದರೆ ಬೌದ್ಧಿಕ ಆಸ್ತಿಯ ಪ್ಯಾರಿಸ್ ಒಪ್ಪಂದದ ಪ್ರಕಾರ ಉಳಿದ ಸದಸ್ಯ ದೇಶಗಳಲ್ಲಿ ಅರ್ಜಿ ಹಾಕಲು 12 ತಿಂಗಳ ಕಾಲಾವಕಾಶ ಸಿಗುತ್ತದೆ.

ಗೋಪ್ಯತೆಯ ಒಪ್ಪಂದಕ್ಕೆ ಸಹಿ ಕೇಳಿದರೆ ಆಕ್ಸಿಲರೇಟರ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದರ ಮೇಲೆ, ಬಂದ ಅತಿಥಿಗಳ ಫೋಟೊ ತೆಗೆದು ಹಾಕುವುದು ಅವರ ಕೆಲಸದ ಭಾಗ. ನಿಮ್ಮ ಯಂತ್ರದ ಒಳಭಾಗ ಆ ಫೋಟೊದಲ್ಲಿ ಬರಬಹುದು.

ಹೆಜ್ಜೆ 6: ಭೇಟಿಯ ದಿನ

ಅರ್ಧ ಗಂಟೆ ಮುಂಚೆ ಹೋಗಿ ಕೂತುಕೊಳ್ಳಿ. ಕಾಫಿ ಮೆಷಿನ್ ಹತ್ತಿರ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಬೋರ್ಡಿನಲ್ಲಿ 40 ಕಂಪನಿಗಳ ಹೆಸರಿದೆ, ಮೇಜುಗಳಲ್ಲಿ ಎಷ್ಟು ಜನ ಇದ್ದಾರೆ? ಫೋನಿನಲ್ಲಿ ಗ್ರಾಹಕರ ಜೊತೆ ಮಾತಾಡುತ್ತಿರುವವರು ಇದ್ದಾರೆಯೇ, ಅಥವಾ ಎಲ್ಲರೂ ಮುಂದಿನ ಅನುದಾನದ ಫಾರಂ ತುಂಬುತ್ತಿದ್ದಾರೆಯೇ? ಇದನ್ನು ಯಾವ ಸ್ಲೈಡ್ ಕೂಡ ಹೇಳುವುದಿಲ್ಲ.

ಮ್ಯಾನೇಜರ್ ಮುಂದೆ ಕೂತಾಗ ಮೊದಲು ಕೇಳಬೇಕಾದದ್ದು ಹಣ ಹರಿಯುವ ರೀತಿ. ಕೈಗೇ ಕೊಡುತ್ತಾರೆಯೇ, ಅಥವಾ ನೀವು ಮೊದಲು ಖರ್ಚು ಮಾಡಿ ರಸೀದಿ ಕೊಟ್ಟ ಮೇಲೆ ವಾಪಸ್ ಕೊಡುತ್ತಾರೆಯೇ? ಸ್ಟಾರ್ಟ್‌ಅಪ್ ಚಿಲಿಯ ಆರಂಭದ ವರ್ಷಗಳಲ್ಲಿ ಎರಡನೆಯ ಕ್ರಮವೇ ಇತ್ತು, ರಸೀದಿಗಳ ಕೆಲಸದಲ್ಲೇ ಸಂಸ್ಥಾಪಕರು ಸುಸ್ತಾಗುತ್ತಿದ್ದರು. ನಾನು ಹೋಗಿದ್ದ ಒಂದು ಕೇಂದ್ರದಲ್ಲಿ ಪ್ರಸ್ತುತಿಯೆಲ್ಲ ಮುಗಿದ ಮೇಲೆ ಒಬ್ಬ ಯುವತಿ ಕಾರಿಡಾರಿನಲ್ಲಿ ನಿಧಾನಕ್ಕೆ ಹೇಳಿದಳು: “ಮೊದಲ ಕಂತು ಬಂದದ್ದು ನಾಲ್ಕನೇ ತಿಂಗಳಲ್ಲಿ. ಅಲ್ಲಿಯವರೆಗೆ ಅಕ್ಕನ ಹತ್ತಿರ ಸಾಲ ಮಾಡಿ ಬಾಡಿಗೆ ಕಟ್ಟಿದೆ.” ಒಂದು ಗಂಟೆಯ ಮೀಟಿಂಗಿನಲ್ಲಿ ಈ ಮಾತು ಬಂದಿರಲಿಲ್ಲ. ನಾವೂ ಕೇಳಿರಲಿಲ್ಲ.

ಎರಡನೆಯದು, ಹಣದ ಬೆನ್ನಿಗೆ ಅಂಟಿಕೊಂಡು ಬರುವ ಷರತ್ತು. ‘ಷೇರು ಬೇಡ’ ಎಂದರೆ ‘ಏನೂ ಬೇಡ’ ಎಂದಲ್ಲ. ಇಸ್ರೇಲಿನ ಸರ್ಕಾರಿ ಅನುದಾನಗಳಲ್ಲಿ ಮಾರಾಟ ಶುರುವಾದ ಮೇಲೆ ಅದರ ಒಂದು ಪಾಲನ್ನು ರಾಯಧನವಾಗಿ ಕಟ್ಟುವ ಪದ್ಧತಿ ಇದೆ, ಆ ಹಣದಿಂದ ಹುಟ್ಟಿದ ತಂತ್ರಜ್ಞಾನವನ್ನು ದೇಶದ ಹೊರಗೆ ವರ್ಗಾಯಿಸಲು ನಿರ್ಬಂಧವೂ ಇದೆ. ಮುಂದೆ ನಿಮ್ಮ ಕಂಪನಿಯನ್ನು ಕೊಳ್ಳಲು ಬಂದವರು ಮೊದಲು ನೋಡುವುದು ಇದನ್ನೇ. ಯುರೋಪಿಯನ್ ಒಕ್ಕೂಟದಲ್ಲಿ ಇನ್ನೊಂದು ಬಗೆ: ಸಣ್ಣ ಪ್ರಮಾಣದ ಸರ್ಕಾರಿ ನೆರವಿಗೆ ಒಂದು ಮಿತಿ ಇದೆ, ಒಂದು ಸದಸ್ಯ ದೇಶದಿಂದ ಮೂರು ವರ್ಷಕ್ಕೆ 3,00,000 ಯೂರೊ. 2024ಕ್ಕೆ ಮೊದಲು ಅದು 2,00,000 ಇತ್ತು. ಉಚಿತ ಕಚೇರಿ, ಉಚಿತ ಮಾರ್ಗದರ್ಶನಕ್ಕೂ ಬೆಲೆ ಕಟ್ಟಿ ಈ ಲೆಕ್ಕಕ್ಕೆ ಸೇರಿಸಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಬರೆದುಕೊಳ್ಳುತ್ತಾರೆ ಎಂದು ಕೇಳಿ. ಅನುದಾನದ ಮೇಲೆ ಆದಾಯ ತೆರಿಗೆ ಬೀಳುತ್ತದೆಯೇ ಎಂಬುದನ್ನೂ ಅದೇ ಉಸಿರಿನಲ್ಲಿ ಕೇಳಿಬಿಡಿ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಹಣ ಮತ್ತು ಕುರ್ಚಿ ಬಿಟ್ಟು ಇನ್ನೇನು ಕೊಡುತ್ತೀರಿ? ಸ್ಟಾರ್ಟ್‌ಅಪ್ ಚಿಲಿಯನ್ನೇ ಇಟ್ಟುಕೊಂಡು ಇಬ್ಬರು ಸಂಶೋಧಕರು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹಣ ಮತ್ತು ಕೂರುವ ಜಾಗ ಮಾತ್ರ ಸಿಕ್ಕ ಕಂಪನಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಅದರ ಜೊತೆಗೆ ತರಬೇತಿಯೂ ಸಿಕ್ಕಿ, ಗುರಿ ಇಟ್ಟುಕೊಂಡು ನಿಯಮಿತವಾಗಿ ಒಬ್ಬರ ಮುಂದೆ ಲೆಕ್ಕ ಒಪ್ಪಿಸಬೇಕಾಗಿ ಬಂದ ಕಂಪನಿಗಳಲ್ಲಿ ಕಂಡಿತು. ಹಾಗಾಗಿ ಮಾರ್ಗದರ್ಶಕರ ಫೋಟೊಗಳಿರುವ ಗೋಡೆ ತೋರಿಸಿದಾಗ ಅಲ್ಲಿಗೇ ಬಿಡಬೇಡಿ. ಕಳೆದ ತಿಂಗಳು ಇವರಲ್ಲಿ ಎಷ್ಟು ಜನ ಬಂದಿದ್ದರು, ಒಂದು ತಂಡದ ಜೊತೆ ಎಷ್ಟು ಹೊತ್ತು ಕೂತರು, ಗುರಿ ಮುಟ್ಟದಿದ್ದರೆ ಯಾರು ಕೇಳುತ್ತಾರೆ ಎಂದು ವಿಚಾರಿಸಿ. ಒಳ್ಳೆಯ ಮ್ಯಾನೇಜರ್‌ಗೆ ಈ ಪ್ರಶ್ನೆ ಖುಷಿ ಕೊಡುತ್ತದೆ, ಅವರು ಡೈರಿ ತೆರೆದೇ ತೋರಿಸುತ್ತಾರೆ.

ನಾಲ್ಕನೆಯದು ‘ಎಷ್ಟು ಜನ ಉಳಿದರು?’. ಚಿಲಿಗೆ ಬಂದ ವಿದೇಶಿ ತಂಡಗಳಲ್ಲಿ ಬಹುಪಾಲು ಕಾರ್ಯಕ್ರಮ ಮುಗಿದ ಮೇಲೆ ಹೊರಟುಹೋದವು. ಅದರ ಬಗ್ಗೆ ದೇಶದೊಳಗೆ ಟೀಕೆ ಬಂತು, ಉಳಿಯುವವರಿಗೆಂದೇ ಮುಂದಿನ ಹಂತದ ಧನಸಹಾಯ ಹುಟ್ಟಿತು. ಇಂಥ ತಿದ್ದುಪಡಿಗಳ ಇತಿಹಾಸ ಕೇಳಿದರೆ, ಈಗ ಅವರ ಮೇಲೆ ಯಾವ ಒತ್ತಡ ಇದೆ, ನಿಮ್ಮಿಂದ ಅವರು ಏನನ್ನು ಬಯಸುತ್ತಾರೆ ಎಂಬುದು ತಾನಾಗಿ ಹೊರಬರುತ್ತದೆ.

ಸಂಸ್ಥಾಪಕರ ಜೊತೆ ಪ್ರತ್ಯೇಕವಾಗಿ, ಸಾಧ್ಯವಾದರೆ ಕಟ್ಟಡದ ಹೊರಗೆ ಮಾತಾಡಿ. ಈಗಿನ ಬ್ಯಾಚ್‌ನವರು ಸ್ವಲ್ಪ ಹಿಂಜರಿಯುತ್ತಾರೆ, ಅವರ ಮುಂದಿನ ಕಂತು ಇನ್ನೂ ಬರಬೇಕು. ಎರಡು ವರ್ಷ ಹಿಂದಿನವರನ್ನು ಹುಡುಕಿ. ಕಂಪನಿ ಮುಚ್ಚಿದವರು ಸಿಕ್ಕರೆ ಇನ್ನೂ ಒಳ್ಳೆಯದು, ಅವರಷ್ಟು ಉದಾರವಾಗಿ ಯಾರೂ ವಿವರ ಕೊಡುವುದಿಲ್ಲ. ಬ್ಯಾಂಕ್ ಖಾತೆ ತೆರೆಯಲು ಎಷ್ಟು ವಾರ ಹಿಡಿಯಿತು, ಮೊದಲ ಗ್ರಾಹಕ ಕೇಂದ್ರದ ಮೂಲಕ ಬಂದದ್ದೇ ಅಥವಾ ತಾವೇ ಹುಡುಕಿದ್ದೇ, ಸ್ಥಳೀಯ ಭಾಷೆ ಬಾರದೆ ಎಲ್ಲಿ ಸಿಕ್ಕಿಕೊಂಡರು, ಇನ್ನೊಮ್ಮೆ ಆಯ್ಕೆ ಸಿಕ್ಕರೆ ಬರುತ್ತಾರೆಯೇ ಎಂದು ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ.

ಇನ್ನು ಉಡುಗೊರೆ. ದೂರದಿಂದ ಹೋಗುವಾಗ ಏನಾದರೂ ಒಯ್ಯಬೇಕು ಅನ್ನಿಸುವುದು ಸಹಜ, ಆದರೆ ನಿಮ್ಮ ಎದುರಿಗಿರುವವರು ಸಾರ್ವಜನಿಕ ನೌಕರರಾಗಿರಬಹುದು. ಕೊರಿಯಾದಲ್ಲಿ 2016ರಿಂದ ಜಾರಿಯಲ್ಲಿರುವ ಭ್ರಷ್ಟಾಚಾರ ತಡೆ ಕಾನೂನು ಅಧಿಕಾರಿಗಳು ಪಡೆಯುವ ಉಡುಗೊರೆಗೂ ಊಟಕ್ಕೂ ಮೊತ್ತದ ಮಿತಿ ಹಾಕಿದೆ. ಬೆಲೆಬಾಳುವ ವಸ್ತು ಕೊಟ್ಟರೆ ಅವರನ್ನು ಮುಜುಗರಕ್ಕೆ ತಳ್ಳಿದಂತೆ. ಎಲ್ಲರೂ ಹಂಚಿಕೊಂಡು ತಿನ್ನುವ ಸಿಹಿಯ ಒಂದು ಸಣ್ಣ ಪೊಟ್ಟಣ ಸಾಕು. ವಿಸಿಟಿಂಗ್ ಕಾರ್ಡ್ ಕೊಡುವಾಗ, ತೆಗೆದುಕೊಳ್ಳುವಾಗ ಕೊರಿಯಾದಲ್ಲಿ ಎರಡೂ ಕೈ ಬಳಸುತ್ತಾರೆ. ತೆಗೆದುಕೊಂಡ ಕಾರ್ಡನ್ನು ಕ್ಷಣ ಹೊತ್ತು ಓದಿ, ಆಮೇಲೆ ಒಳಗಿಡಿ.

ಹೆಜ್ಜೆ 7: ಅದೇ ರಾತ್ರಿ ಲೆಕ್ಕ

ಹೋಟೆಲಿಗೆ ಬಂದ ಮೇಲೆ ಮಲಗುವ ಮುಂಚೆ ಟಿಪ್ಪಣಿ ಬರೆಯಿರಿ. ಯಾರು ಏನು ಹೇಳಿದರು ಎಂಬುದರ ಜೊತೆಗೆ, ಯಾವ ಪ್ರಶ್ನೆಗೆ ಉತ್ತರ ತೇಲಿಹೋಯಿತು ಎಂಬುದನ್ನೂ ಬರೆಯಿರಿ. ಆಮೇಲೆ ಒಂದು ಲೆಕ್ಕ ಮಾಡಿ. ಊಹೆಯ ಅಂಕಿಗಳನ್ನೇ ಇಟ್ಟುಕೊಳ್ಳೋಣ: ಅನುದಾನ 40,000 ಡಾಲರ್, ಮೂವರು, ಆರು ತಿಂಗಳು. ಹೋಗಿಬರುವ ಟಿಕೆಟ್ ಒಬ್ಬರಿಗೆ 1,800ರಂತೆ 5,400. ಬಾಡಿಗೆ, ಊಟ ಒಬ್ಬರಿಗೆ ತಿಂಗಳಿಗೆ 1,200ರಂತೆ 21,600. ಕಂಪನಿ ನೋಂದಣಿ, ಲೆಕ್ಕಿಗರ ಶುಲ್ಕ 2,500. ಒಟ್ಟು 29,500 ಹೋಯಿತು, ಉತ್ಪನ್ನಕ್ಕೆ ಉಳಿದದ್ದು 10,500. ಹಣ ನಾಲ್ಕು ತಿಂಗಳು ಕಳೆದು ಬರುತ್ತದೆ ಎಂದಾದರೆ ಅಲ್ಲಿಯವರೆಗೆ ಟಿಕೆಟ್, ನೋಂದಣಿ, ಜೀವನಕ್ಕೆ 22,300 ಡಾಲರ್ ನಿಮ್ಮ ಕೈಯಿಂದಲೇ ಹಾಕಿರಬೇಕು. ಅಷ್ಟು ಇದೆಯೇ? ಈ ಅಂಕಿಗಳ ಜಾಗದಲ್ಲಿ ನೀವು ಅವತ್ತು ಕೇಳಿಕೊಂಡು ಬಂದ ನಿಜವಾದ ಅಂಕಿಗಳನ್ನು ಹಾಕಿ. ಅನುದಾನ ಚಿಕ್ಕದೆನಿಸಿದರೂ ಅಲ್ಲಿ ನಿಮ್ಮ ಸರಕಿಗೆ ಗ್ರಾಹಕರಿದ್ದರೆ ಹೋಗಿ. ಗ್ರಾಹಕರೇ ಇಲ್ಲದ ಜಾಗಕ್ಕೆ ದೊಡ್ಡ ಅನುದಾನ ನೋಡಿ ಹೋದವರು ಆರು ತಿಂಗಳ ಕೊನೆಗೆ ಮತ್ತೊಂದು ಅನುದಾನ ಹುಡುಕುತ್ತಿರುತ್ತಾರೆ.

ಹೆಜ್ಜೆ 8: ಬಂದ ಮೇಲೆ

ಎರಡು ದಿನದೊಳಗೆ ಧನ್ಯವಾದದ ಮೇಲ್ ಹೋಗಲಿ, ಕಳಿಸುತ್ತೇವೆ ಎಂದು ಒಪ್ಪಿಕೊಂಡದ್ದೆಲ್ಲ ಅದರಲ್ಲೇ ಇರಲಿ. ಕಾರಿಡಾರಿನಲ್ಲಿ ನಿಂತು ನಿಜ ಹೇಳಿದ ಸಂಸ್ಥಾಪಕರಿಗೆ ಬೇರೆಯಾಗಿ ಬರೆಯಿರಿ. ಅವರು ಹೇಳಿದ್ದನ್ನು ಅವರ ಹೆಸರಿನ ಜೊತೆ ಎಲ್ಲೂ ಬಳಸಬೇಡಿ.

ಅರ್ಜಿ ಹಾಕುವುದಾದರೆ ಮುಂದಿನ ಆಹ್ವಾನದ ಕೊನೆಯ ದಿನಾಂಕ, ಬೇಕಾದ ದಾಖಲೆಗಳ ಪಟ್ಟಿಯನ್ನು ಆಗಲೇ ಕೇಳಿಕೊಳ್ಳಿ. ಹಾಕುವುದಿಲ್ಲವೆಂದು ತೀರ್ಮಾನಿಸಿದರೂ ಒಂದು ಮೇಲ್ ಬರೆಯಿರಿ, ಕಾರಣವನ್ನೂ ಹೇಳಿ: ಕಂತು ತಡ, ಭಾಷೆ, ಗ್ರಾಹಕರಿಲ್ಲ, ಏನೇ ಇರಲಿ. ಮ್ಯಾನೇಜರ್ ಎಲ್ಲೋ ಒಂದು ಪಟ್ಟಿಯಲ್ಲಿ ನಿಮ್ಮನ್ನು ‘ಬರುವ ಸಾಧ್ಯತೆ ಇರುವವರು’ ಎಂದು ಬರೆದುಕೊಂಡಿರುತ್ತಾರೆ. ಮುಂದಿನ ವರ್ಷ ನಿಯಮ ತಿದ್ದಲು ಮೇಲಿನವರ ಮುಂದೆ ಕೂತಾಗ, ನೀವು ಬರೆದ ಆ ಕಾರಣ ಅವರ ಕೈಯಲ್ಲಿರುತ್ತದೆ.